ಕೂತಿದ್ದಕ್ಕೆ ಸಿಕ್ಕ ನಲವತ್ತೊಂದು ಬೀಜ

ಗದಗ, ಫೆಬ್ರವರಿ 30, 2391

ಪ್ರಾಚೀನರೇ,

ಮನುಕುಲದ ಚರಿತ್ರೆಯಲ್ಲಿ ಇದುವರೆಗೆ ಯಾರೂ ಒಪ್ಪಿಕೊಳ್ಳದ ಮಹಾಪರಾಧವೊಂದನ್ನು ಸಮಸ್ತ ಲೋಕದ ಮುಂದೆ ಘೋಷಿಸುತ್ತಿದ್ದೇನೆ: ಅಂದಾನೆಪ್ಪನೆಂಬ ನಾನು, ಆಟದಲ್ಲಿ, ದೋಣಿಯೊಂದರಲ್ಲಿ ಕೂತೆ.

ತಾರೀಖು ನೋಡಿ ಹುಬ್ಬೇರಿಸಬೇಡಿ. ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ಬಹಳ ಕಾಲವಾಯಿತು. ಅಂಚೆಯೂ ಈಗ ಹಿಂದಿನ ಕಾಲಕ್ಕೆ ಹೋಗುತ್ತದೆ. ಪಕ್ಕದ ಓಣಿಗೆ ಹೋಗುವುದು ಮಾತ್ರ ಎಂದಿನಂತೆ ತಡ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದನ್ನು ನಾವು ಮುನ್ನೂರು ವರ್ಷಗಳಿಂದ ಕ್ಷಮಿಸುತ್ತಲೇ ಬಂದಿದ್ದೇವೆ.

ನಮ್ಮಲ್ಲಿ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ನೆರಳುಹೊತ್ತು. ಬಿಸಿಲಿಗೆ ಯಾರೂ ತಲೆ ಹೊರಹಾಕುವಂತಿಲ್ಲ. ಊರೆಲ್ಲ ನೆಲಮಾಳಿಗೆಗಳಲ್ಲಿ ಸೇರುತ್ತದೆ. ಮಂಡಕ್ಕಿ ಗಿರ್ಮಿಟ್ ಬರುತ್ತದೆ, ಅದರ ಖಾರ ನಿಮ್ಮ ಕಾಲದ್ದೇ. ನೀವು ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆದು ಮೇಜಿನ ಸುತ್ತ ಬಿಡುವಿನಲ್ಲಿ ಆಡುತ್ತಿದ್ದಿರಲ್ಲ, ಅದನ್ನು ನಾವು ಪಾತ್ರದಾಟವೆಂದು ಕರೆದು ದಿನಾ ಆಡುತ್ತೇವೆ. ಕಥೆ ನಡೆಸುವವರು ನಮ್ಮ ಮೆಹಬೂಬ ಮಾಸ್ತರು. ಪ್ರತಿಯೊಬ್ಬರೂ ತಮ್ಮ ಪಾತ್ರದ ಆಸೆಯನ್ನು ಬಳಪದಿಂದ ಪಾಟಿಯ ಮೇಲೆ ಬರೆದಿಡಬೇಕು. ಆ ಆಸೆಯತ್ತ ಒಂದು ಹೆಜ್ಜೆ ಇಟ್ಟರೆ, ಎಡವಿ ಬಿದ್ದರೂ ಸರಿ, ಮಾಸ್ತರು ಒಂದು ತಿರುವುಬೀಜ ಕೊಡುತ್ತಾರೆ. ಹೆಸರು ದೊಡ್ಡದು, ವಸ್ತು ಹುಣಸೆಬೀಜ. ಅದನ್ನು ಮೇಜಿನ ನಡುವೆ ಇಟ್ಟು ಒಂದು ವಾಕ್ಯ ಹೇಳಿದರೆ ಕಥೆ ಹಾಗೆಯೇ ತಿರುಗಬೇಕು. ಇಬ್ಬರು ಒಟ್ಟಿಗೆ ಇಟ್ಟರೆ, ಹೆಚ್ಚು ಇಟ್ಟವರದೇ ಮಾತು.

ನನ್ನ ಗೆಳತಿ ಫಕೀರವ್ವನ ಪಾತ್ರ ಒಬ್ಬ ಅಂಬಿಗಿತ್ತಿ. ಅವಳ ಪಾಟಿಯ ಮೇಲೆ ಒಂಬತ್ತು ವರ್ಷಗಳಿಂದ ಒಂದೇ ಸಾಲು: ‘ಸೆರೆಯಲ್ಲಿರುವ ತಂಗಿಯನ್ನು ಹೊಳೆ ದಾಟಿಸಿ ತರಬೇಕು.’ ನನ್ನ ಪಾತ್ರ ಭೀಮರಾಯನೆಂಬ ಸಿಪಾಯಿ. ಅವನ ಪಾಟಿಯ ಮೇಲೆ ನಾನು ಬರೆದದ್ದು: ‘ಕೂರಲು ಒಳ್ಳೆಯ ಜಾಗ ಸಿಗಬೇಕು.’

ನಗಬೇಡಿ. ಯುದ್ಧ ನಡೆಯುತ್ತಿದ್ದರೂ ಭೀಮರಾಯ ಒಂದು ಕಲ್ಲು ಹುಡುಕಿ ಕೂರುತ್ತಿದ್ದ. ನಿಯಮ ನಿಯಮವೇ, ಮಾಸ್ತರು ಹಲ್ಲು ಕಚ್ಚಿ ಬೀಜ ಕೊಡುತ್ತಿದ್ದರು. "ಏನೋ ಅಂದಾನೆಪ್ಪ, ಇವತ್ತರ ಎದ್ದು ನಿಲ್ಲತಾನೋ ಇಲ್ಲೋ ನಿನ್ನ ಸಿಪಾಯಿ?" ಎನ್ನುವರು. "ಆಸೆ ಪಾಟೀ ಮ್ಯಾಲ ಐತಲ್ರೀ ಮಾಸ್ತರ" ಎನ್ನುವೆ. ಹೀಗೆ ಚೀಲದಲ್ಲಿ ನಲವತ್ತೊಂದು ಬೀಜ ಕೂಡಿದವು. ಫಕೀರವ್ವ ಮಾತ್ರ ತನ್ನ ಬೀಜಗಳನ್ನೆಲ್ಲ ಊರವರಿಗೇ ಸುರಿದಳು. ಭೀಮರಾಯ ಬಾವಿಗೆ ಬಿದ್ದಾಗ ಮೂರು ಸಲವೂ ಮೇಲೆತ್ತಿದ್ದು ಅವಳದೇ ಬೀಜ. (ಬಾವಿಕಟ್ಟೆಯ ಮೇಲೆ ಕೂತರೆ ಇನ್ನೇನಾಗುತ್ತದೆ?)

ಕೊನೆಗೂ ಆ ದಿನ ಬಂತು. ದೋಣಿ ನಡುಹೊಳೆಯಲ್ಲಿ, ಆಚೆ ದಡದಲ್ಲಿ ತಂಗಿ. ಫಕೀರವ್ವ ತನ್ನಲ್ಲಿ ಉಳಿದಿದ್ದ ಒಂದೇ ಒಂದು ಬೀಜವನ್ನಿಟ್ಟು ಬಾಯಿ ತೆರೆದಳು. ಒಂಬತ್ತು ವರ್ಷದಿಂದ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡ ವಾಕ್ಯ ಅದು. ನನ್ನ ಕೈ ತಡೆಯಲಿಲ್ಲ. ಎರಡು ಬೀಜ ಇಟ್ಟು, "ಅಷ್ಟರಾಗ ಭೀಮರಾಯ ಈಜಿಕೊಂಡು ಹೋಗಿ ತಂಗೀನ ಹೊತ್ತು ತಂದು ದೋಣಿಯಾಗ ಕುಂಡ್ರಿಸಿದ, ತಾನೂ ಬಾಜೂಕ ಕುಂತ" ಎಂದುಬಿಟ್ಟೆ. ಸಹಾಯ ಮಾಡಿದೆನೆಂದೇ ಅಂದುಕೊಂಡಿದ್ದೆ. ಚಪ್ಪಾಳೆಗೆ ಕಾದೆ.

ಭೀಮರಾಯ ಕೂತಿದ್ದನಲ್ಲ, ಮಾಸ್ತರು ನನ್ನ ಮುಖ ನೋಡದೆ ಅದಕ್ಕೂ ಒಂದು ಬೀಜ ತಳ್ಳಿದರು. ಅದನ್ನು ನಾನು ಎತ್ತಿಕೊಂಡೆ. ಪ್ರಾಚೀನರೇ, ಎತ್ತಿಕೊಂಡೆ! ಫಕೀರವ್ವ ಸೆರಗಿನಿಂದ ಪಾಟಿ ಒರೆಸಿದಳು. ಒಂಬತ್ತು ವರ್ಷದ ಅಕ್ಷರ, ಪೂರಾ ಅಳಿಯಲಿಲ್ಲ. "ಕುಂತೀ ಅಲ್ಲಾ ಅಂದಾನೆಪ್ಪಣ್ಣ? ಚಲೋ ಆತು, ಕುಂಡ್ರು" ಎಂದು ಎದ್ದು ಹೋದಳು. ಮೂರು ತಿಂಗಳಾಯಿತು, ಬಂದಿಲ್ಲ. ಬೀಜಗಳನ್ನೆಲ್ಲ ಹೊತ್ತು ಅವಳ ಮನೆಗೆ ಹೋದೆ. ಬಾಗಿಲಲ್ಲೇ, "ಬೀಜ ತಂದೀ? ಬಯಲಾಗ ಹಚ್ಚು. ಮಂದಿಗೆ ನೆರಳರ ಆದೀತು" ಎಂದಳು. ಮುಖ ಎಲ್ಲಿಡಲಿ? ಆಮೇಲಿಂದ ನಾನು ನಿಂತೇ ಆಡುತ್ತಿದ್ದೇನೆ. ಮೊಣಕಾಲು ಮಾತಾಡುತ್ತವೆ, ಅವಳು ಮಾತಾಡುವುದಿಲ್ಲ.

ಆಡಿದ ಕಥೆಯನ್ನು ಹಿಂದಕ್ಕೆ ತಿರುಗಿಸಿ ಆಡುವಂತಿಲ್ಲ. ಒಂದೇ ದಾರಿ: ನಮ್ಮ ಮೂಲಪುಸ್ತಕ. ಅದು ನಿಮ್ಮ ಕಾಲದ್ದು. ಅದರ ಅಂಚಿನಲ್ಲಿ ನೀವು ಗೀಚಿದ್ದೆಲ್ಲ ನಮಗೆ ಕಾನೂನು. ಹನ್ನೆರಡನೇ ಪುಟದಲ್ಲಿ ಯಾರೋ ‘ಭಜಿ ತರಿಸು’ ಎಂದು ಬರೆದಿದ್ದಕ್ಕೆ ಇಂದಿಗೂ ಭಜಿಯಿಲ್ಲದೆ ಆಟ ಶುರುವಾಗುವುದಿಲ್ಲ. ಮೂವತ್ತೇಳನೇ ಪುಟದ ಅಂಚು ಮಾತ್ರ ಖಾಲಿ. ನಿಮ್ಮಲ್ಲಿ ಯಾರಾದರೂ ಏನಾದರೂ ಬರೆದಿರಬಹುದೆಂದು ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ. ಇವತ್ತೂ ಖಾಲಿಯಿತ್ತು.

ನಿಮ್ಮ ಕಾಲದಲ್ಲಿ ಆ ಪುಸ್ತಕ ಗದಗಿನ ವಾಚನಾಲಯದಲ್ಲಿದೆ, ನೀಲಿ ರಟ್ಟು, ಕಿಟಕಿ ಪಕ್ಕದ ಕಪಾಟು. ಆ ಪುಟದಲ್ಲಿ ಒಂದು ಸಾಲು ಬರೆದುಬಿಡಿ: ‘ಯಾರ ಆಸೆಯೋ, ಅದು ತೀರುವ ವಾಕ್ಯ ಅವರದೇ. ಬೇರೆಯವರು ಹೇಳಿದ್ದರೆ ದೃಶ್ಯ ಮತ್ತೊಮ್ಮೆ ಆಡತಕ್ಕದ್ದು.’ ನನ್ನ ಹೆಸರು ಬೇಡ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನು ಕಂಡರೆ ವಾಚನಾಲಯದವರು ಬೈಯುತ್ತಾರೆ. ಅಕ್ಷರ ಸ್ವಲ್ಪ ದಪ್ಪಗಿರಲಿ. ಮಾಸ್ತರ ಕಣ್ಣು ಮಂಜು.