ಎಡಕ್ಕೆ ತಿರುಗಿದ ಮೀನುಗಳು

ಮಹಡಿಯ ಕೋಣೆಯಿಂದ,
ಮಂಗಳವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊಟ್ಟೆ ಸರಿಯಿದೆಯೇ? ಇವತ್ತು ಬರೀ ಉಪಚಾರಕ್ಕೆ ಕೇಳುತ್ತಿಲ್ಲ ಕಣೋ. ನೀನು ಸಮೀಕ್ಷೆ ಹಡಗಿನ ಅಡುಗೆಗೆ ಹೊರಟಾಗ, ನಾನು ಚಿತ್ರ ಬರೆದ ಮೀನು ಗುರುತಿಸುವ ಪುಸ್ತಕದ ಕರಡು ಪ್ರತಿ ಕೊಟ್ಟೆನಲ್ಲ, ಅದರಲ್ಲಿ ಒಂದೇ ಪುಟದಲ್ಲಿ ಎರಡು ಪಟ್ಟೆಮೀನುಗಳಿವೆ. ಎರಡನ್ನೂ ಮುಟ್ಟಬೇಡ. ತಿನ್ನುವ ಮೀನಿನ ಹೆಸರು ವಿಷದ ಮೀನಿನ ಕೆಳಗೆ ಬಿದ್ದಿದೆ. ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನಾನು ಎಡಗೈಯವಳು, ನನ್ನ ಮೀನುಗಳೆಲ್ಲ ಬಲಕ್ಕೇ ಮುಖ ಮಾಡುತ್ತವೆ. ಇಂಥ ಪುಸ್ತಕಗಳಲ್ಲಿ ಮೀನು ಎಡಕ್ಕೆ ನೋಡಬೇಕೆಂಬುದು ರೂಢಿ. ಮುದ್ರಣದವರು "ಅದಕ್ಕೇನಂತೆ ಅಕ್ಕಾ, ತಿರುಗಿಸಿಬಿಡ್ತೀವಿ" ಎಂದರು. ಒಂದೊಂದೇ ಮೀನನ್ನು ತಿರುಗಿಸುವ ಬದಲು ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದಾರೆ. ಎಡದ ಮೀನು ಬಲಕ್ಕೆ ಬಂತು, ಬಲದ್ದು ಎಡಕ್ಕೆ ಹೋಯಿತು, ಕೆಳಗಿನ ಹೆಸರುಗಳು ಮಾತ್ರ ಅಲ್ಲಾಡಲಿಲ್ಲ. ಬೇರೆ ಪುಟಗಳಲ್ಲಿ ಒಂದೊಂದೇ ಮೀನು, ಸದ್ಯ ಬಚಾವು. ಜ್ವರ ಬಂದು ದಡಕ್ಕಿಳಿದ ನಿಮ್ಮ ಹಡಗಿನ ಮೀನುತಜ್ಞರು ಈಗಷ್ಟೇ ಮನೆಗೆ ಬಂದಿದ್ದರು. ಆ ಪುಟ ನೋಡಿದವರೇ ಲೋಟ ಕೆಳಗಿಟ್ಟರು. "ಅಳತೆ ಮುಗಿದ ಮೀನೆಲ್ಲ ಅಡುಗೆಮನೆಗೇ ಹೋಗೋದು. ನಾನೂ ಅಲ್ಲಿಲ್ಲ, ನಿಮ್ಮ ತಮ್ಮ ಈ ಪುಸ್ತಕ ನೋಡಿಯೇ ಆರಿಸ್ತಾನೆ" ಎಂದರು. ಹಡಗಿನ ವೈರ್‌ಲೆಸ್ ಬೇರೆ ಕೆಟ್ಟು ಕೂತಿದೆಯಂತೆ.

ಪಕ್ಕದ ಪುಟದ ವಿವರಣೆ ಸರಿಯಾಗಿಯೇ ಇದೆ. ವಿಷದ್ದಕ್ಕೆ ಬೆನ್ನಿನ ಈಜುರೆಕ್ಕೆ ಪುಟ್ಟದು, ಬಾಲದ ಹತ್ತಿರ. ಇನ್ನೊಂದಕ್ಕೆ ಬೆನ್ನುದ್ದಕ್ಕೂ ಇರುತ್ತದೆ. ಆದರೆ ನೀನು ಯಾವ ಕಾಲಕ್ಕೆ ವಿವರಣೆ ಓದಿದವನು? ಚಿತ್ರ ನೋಡಿ ಕೈ ಹಾಕುವ ಮಹಾರಾಯ. ಈಗಲೂ ಜಾಣತನ ತೋರಿಸಲು ಹೋಗಬೇಡ. ಆಲೂಗಡ್ಡೆ ಬೇಯಿಸಿ ಹಾಕು, ಬೈದರೆ ಬೈಸಿಕೋ. ನನಗೆ ತುಂಬ ಭಯವಾಗಿದೆ.

ಹಡಗಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಸಾಮಾನು ಒಯ್ಯುವ ದೋಣಿಯವನು ಪತ್ರ ಇಸಿದುಕೊಂಡು, "ಕೊಡ್ತೀನಿ ಅಕ್ಕಾ, ಆದ್ರೆ ಅವನು ಮನೆ ಪತ್ರ ಒಡೆಯೋದು ಊಟ ಆದ್ಮೇಲೇನೇ" ಎಂದ. ಅದಕ್ಕೇ ವಾಪಸ್ ಕಿತ್ತುಕೊಂಡು ನಾನೇ ದೋಣಿ ಹತ್ತಿದ್ದೇನೆ. ನೀರು ಕಂಡರೆ ನಡುಗುವವಳು ನಾನು, ಅಕ್ಷರ ಸೊಟ್ಟಗಿರುವುದು ಅದಕ್ಕೇ. ವಾಂತಿಯಾಗಿ ಬಾಯಿಂದ ಮಾತು ಹೊರಡದಿದ್ದರೆ ಇದನ್ನೇ ನಿನ್ನ ಕೈಗಿಡುತ್ತೇನೆ. ನನ್ನ ಅವಸ್ಥೆ ನೋಡಿ ಆಮೇಲೆ ನಗುವೆಯಂತೆ, ಮೊದಲು ಒಲೆಯ ಮೇಲಿರುವುದನ್ನು ಚೆಲ್ಲು.