ಒಗೆಯದ ನೀಲಿ ಅಂಗಿ

ಹೊಲಿಗೆ ಕೋಣೆಯಿಂದ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ನಮ್ಮ ಹಡಗಿನ ಬಾಣಸಿಗರಿಗೆ,

ಹೇಗಿದ್ದೀರಿ? ಎಣ್ಣೆ ಸಿಡಿದ ಕೈ ವಾಸಿಯಾಯಿತೇ? ನಲವತ್ತು ಜನಕ್ಕೆ ಬಡಿಸಿ ನೀವು ಅರೆಹೊಟ್ಟೆಯಲ್ಲಿ ಮಲಗುತ್ತಿಲ್ಲ ತಾನೇ? ಇಲ್ಲಿ ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಈಗ ಕುಳಿತುಕೊಂಡು ಓದಿ. ಹಿಂದಿನ ಪತ್ರದಲ್ಲಿ ಒಂದು ವಿಷಯ ನುಂಗಿಕೊಂಡಿದ್ದೆ. ನಾನೊಂದು ನಾಯಿ ತಂದಿದ್ದೇನೆ. ಬೈಯುವುದಿದ್ದರೆ ಪತ್ರ ಮುಗಿದ ಮೇಲೆ ಬೈಯಿರಿ.

ಹೆಣ್ಣು ನಾಯಿ, ಕಂದು ಬಣ್ಣ, ಎಡಗಿವಿ ಅರ್ಧ ಇಲ್ಲ. ಅದನ್ನು ಮೊದಲು ಸಾಕಿದ್ದವನು ಬೆಲ್ಟಿನಿಂದ ಹೊಡೆಯುತ್ತಿದ್ದನಂತೆ. ಬೆನ್ನ ಮೇಲೆ ಇನ್ನೂ ಕೂದಲು ಬಂದಿಲ್ಲ. ನಾನೆಂಥ ದಡ್ಡಿ ನೋಡಿ, ಮೊದಲ ದಿನವೇ ನನ್ನ ಕೊರಳಲ್ಲಿದ್ದ ಅಳತೆ ಟೇಪನ್ನು ಸರ್ರನೆ ಎಳೆದೆ. ಪಾಪ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿದ್ದು, ಎರಡು ದಿನ ಹೊರಬರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಂದಿನಿಂದ ಟೇಪು ಡಬ್ಬಿಯೊಳಗಿದೆ, ತೆಗೆಯುವಾಗ ಮೆಲ್ಲಗೆ ತೆಗೆಯುತ್ತೇನೆ. "ನಾಯಿ ಒಳಗೆ ಬಂದ್ರೆ ನಾನು ಹೊರಗೆ" ಎಂದಿದ್ದ ಅತ್ತೆ ಮೂರನೇ ದಿನ ಮೇಜಿನ ಕೆಳಗೆ ಬಗ್ಗಿ, "ಬಾರೇ ತಾಯಿ, ನನ್ನ ಮಂಡಿ ನೋಯುತ್ತೆ, ನೀನೇ ಬಾ" ಎಂದು ಅಂಗಲಾಚುತ್ತಿದ್ದರು. ಬಟ್ಟೆ ಚೂರುಗಳ ರಾಶಿಯಲ್ಲೇ ಮಲಗುತ್ತಾಳೆಂದು ಚಿಂದಿ ಎಂದು ಹೆಸರಿಟ್ಟವರೂ ಅವರೇ.

ನಮ್ಮಿಬ್ಬರಿಗೂ ಒಗ್ಗಿಕೊಂಡಳು, ಆದರೆ ಗಂಡಸರನ್ನು ಕಂಡರೆ ಈಗಲೂ ನಡುಗುತ್ತಾಳೆ. ಇವಳನ್ನು ನನಗೆ ಕೊಟ್ಟ, ನಾಯಿಗಳ ಆಶ್ರಯ ನಡೆಸುವ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದಾರೆ: "ನಿಮ್ ಯಜಮಾನ್ರು ಬಂದ್ಮೇಲೆ ಒಂದು ವಾರ ನೋಡ್ತೀನಿ. ಹೆದರಿ ಊಟ ಬಿಟ್ರೆ ವಾಪಸ್ ಕರ್ಕೊಂಡು ಹೋಗ್ತೀನಿ." ಅದಕ್ಕೇ ನೀವು ಹೋಗುವಾಗ ಬಿಟ್ಟ ನೀಲಿ ಅಂಗಿಯನ್ನು, ಅದೇ ಬೆವರು ನಾರುವ ಅಂಗಿಯನ್ನು, ಅವಳ ಹಾಸಿಗೆಗೆ ಹಾಕಿದೆ. ವಾಸನೆಯಾದರೂ ಪರಿಚಯವಾಗಲಿ ಎಂದು. ಮೊದಲು ದೂರ ಸರಿದಳು. ಆಮೇಲೆ ಮೂಗು ತಾಗಿಸಿದಳು, ಆಮೇಲೆ ತಲೆ ಇಟ್ಟಳು. ಇವತ್ತು ಬೆಳಿಗ್ಗೆ ಏನಾಯಿತು ಗೊತ್ತೇ? ಪ್ಯಾಂಟಿನ ಅಳತೆ ಕೊಡಲು ಬಾಗಿಲು ತುಂಬುವಂಥ ಗಿರಾಕಿಯೊಬ್ಬರು ಬಂದರು. ಚಿಂದಿ ಎಂದಿನಂತೆ ಮೇಜಿನ ಕೆಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ನಿಮ್ಮ ಅಂಗಿಯನ್ನು ಕಚ್ಚಿಕೊಂಡು ಹೊರಬಂದಳು, ನನ್ನ ಕಾಲ ಬಳಿ ಹಾಕಿ ಅದರ ಮೇಲೆ ಕುಳಿತಳು. ಮೈ ನಡುಗುತ್ತಿತ್ತು, ಆದರೂ ಕುಳಿತೇ ಇದ್ದಳು. ಅವರು ಹೊರಡುವಾಗ ಬಾಲ ಎರಡು ಸಾರಿ ಅಲ್ಲಾಡಿತು. ಆ ಸಂಭ್ರಮದಲ್ಲಿ ನಾನು ಸೊಂಟದ ಸುತ್ತಳತೆಯನ್ನು ಉದ್ದದ ಜಾಗದಲ್ಲಿ ಬರೆದಿದ್ದೇನೆ, ಅವರನ್ನು ಮತ್ತೆ ಕರೆಸಬೇಕು.

ಮೂರು ತಿಂಗಳ ನಂತರ ನೀವು ಬರುವಾಗ ಬೆಲ್ಟು ಪೆಟ್ಟಿಗೆಯೊಳಗಿರಲಿ. ಪ್ಯಾಂಟು ಜಾರಿದರೆ ಬಿಗಿ ಮಾಡಿಕೊಡಲು ನಾನಿದ್ದೇನೆ. ಬಾಗಿಲಲ್ಲಿ ನಿಲ್ಲಬೇಡಿ, ಮೆಟ್ಟಿಲ ಮೇಲೆ ಕುಳಿತುಕೊಳ್ಳಿ, ಅವಳಾಗಿಯೇ ಬರಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಕೈಗೆ ಮುಲಾಮು ಹಚ್ಚಬೇಕಂತೆ.

ದಾರಿ ಕಾಯುತ್ತಿರುವ,
ನಿಮ್ಮ ದರ್ಜಿ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಅಂಗಿಯ ವಾಸನೆ ಹೋಗುತ್ತಾ ಬಂದಿದೆ. ನಿಮ್ಮ ಬೆವರಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಅದನ್ನು ಒಗೆಯದೆ ಯಾಕೆ ಇಟ್ಟಿದ್ದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಚಿಂದಿಗೆ ಹಾಸುವವರೆಗೆ ಏಳು ತಿಂಗಳು ಅದು ನನ್ನ ದಿಂಬಿನ ಕೆಳಗಿತ್ತು. ತೊಟ್ಟು ಬಿಟ್ಟ ಅಂಗಿ ಎರಡು ಕಳುಹಿಸಿ. ಒಂದು ಚಿಂದಿಗೆ.