ಜೊವಿಟಾಳ ನೆತ್ತಿಗೆ ಹೊಯ್ದ ನೀರು

ಬೆಳುವಾಯಿ,
11 ಫೆಬ್ರವರಿ 2024

ಪ್ರೀತಿಯ ರೋಹಿತ್,

ಹೇಗಿದ್ದೀ ಮಗಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕುವೈತಿನಲ್ಲಿ ಒಬ್ಬನೇ ಕೋಣೆಯಲ್ಲಿ ಕೂತು ಅಳಬೇಡ. ಅಳು ಬಂದರೆ ಜೊತೆಯವರ ಹತ್ತಿರ ಹೋಗಿ ಅಳು. ಅಳಿಯನನ್ನು ಹೀಗೆ ಏಕವಚನದಲ್ಲಿ ಮಾತಾಡಿಸುವುದು ನನ್ನ ಅಣ್ಣನಿಗೆ ಹಿಡಿಸುವುದಿಲ್ಲ, ಅವನು ಗೊಣಗಿಕೊಂಡಿರಲಿ. ದೀಕ್ಷಿತಾ ನನ್ನ ಹತ್ತಿರವೇ ಇದ್ದಾಳೆ. ಆಪರೇಶನ್ನಿನ ಗಾಯ ಒಣಗುತ್ತಿದೆ. ಎದೆಹಾಲು ಮಾತ್ರ ಇನ್ನೂ ನಿಂತಿಲ್ಲ. ನೈಟಿ ಒದ್ದೆಯಾದಾಗಲೆಲ್ಲ ನನ್ನ ಮಗಳು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನಾನು ನೋಡದವಳ ಹಾಗೆ ಅಡಿಗೆಮನೆಗೆ ಹೋಗುತ್ತೇನೆ.

ದೀಕ್ಷಿತಾಳ ಎದುರು ಫೋನಿನಲ್ಲಿ ಇದನ್ನೆಲ್ಲ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಫರಂಗಿಪೇಟೆಯ ನಿನ್ನ ಸ್ನೇಹಿತ ಉನೈಸ್ ಗುರುವಾರ ಅಲ್ಲಿಗೆ ಮರಳುತ್ತಾನಂತೆ, ಅವನ ಕೈಯಲ್ಲಿ ಕೊಡುತ್ತೇನೆ. ಮಗುವಿಗೆ ಜ್ಞಾನಸ್ನಾನ ಕೊಟ್ಟವರು ಯಾರು ಎಂದು ಕೇಳಿದ್ದೆಯಲ್ಲ. ನಾನೇ, ರೋಹಿತ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಮೂಡುಬಿದಿರೆಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡುತ್ತಿತ್ತು. ದೀಕ್ಷಿತಾಳಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ನಾರಾವಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ನಿನ್ನ ತಾಯಿ ಫೋನಿನಲ್ಲಿ, "ನೀಲಾವತಿ ಅಕ್ಕಾ, ಪಾದ್ರಿಗಳು ಬರುವವರೆಗೆ ಕಾಯುವುದು ಬೇಡ, ನೀವೇ ನೀರು ಹೊಯ್ಯಿರಿ. ಜೀವಕ್ಕೆ ಅಪಾಯ ಉಂಟಾದರೆ ಯಾರು ಹೊಯ್ದರೂ ಆಗ್ತದೆ, ಮನಸ್ಸು ಸರಿ ಇದ್ದರೆ ಸಾಕು" ಎಂದರು. ದಿನಾ ದೈವಕ್ಕೆ ದೀಪ ಇಡುವ ಕೈ ನನ್ನದು, ಹಿಂಜರಿಯಿತು. ಆದರೂ ಆ ಮಗು ನನ್ನದೂ ಅಲ್ಲವಾ? ಹೆಸರು ಬೇಕಿತ್ತು. ಹೆಣ್ಣಾದರೆ ನೀನು ಜೊವಿಟಾ ಅನ್ನುತ್ತಿದ್ದೆ, ದೀಕ್ಷಿತಾ ಶ್ರಾವ್ಯಾ ಅನ್ನುತ್ತಿದ್ದಳು, ನಿಮ್ಮ ಜಗಳ ಮುಗಿದೇ ಇರಲಿಲ್ಲ. ಇಬ್ಬರ ಹಟವೂ ಉಳಿಯಲಿ ಎಂದುಕೊಂಡೆ. ನರ್ಸ್ ಪೆಟ್ಟಿಗೆಯ ಬಾಗಿಲು ತೆರೆದು ಲೋಟದಲ್ಲಿ ನೀರು ಕೊಟ್ಟಳು. "ಜೊವಿಟಾ ಶ್ರಾವ್ಯಾ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ನಿನ್ನ ತಾಯಿ ಹೇಳಿಕೊಟ್ಟ ಹಾಗೆಯೇ ಹೇಳುತ್ತಾ ನೆತ್ತಿಗೆ ಮೂರು ಸಲ ಹೊಯ್ದೆ.

ರಜೆಯಲ್ಲಿ ಬಂದು, ಮಗುವನ್ನು ನಿನ್ನ ಕೈಯಲ್ಲೇ ಎತ್ತಿಕೊಂಡು ಜ್ಞಾನಸ್ನಾನಕ್ಕೆ ಇಗರ್ಜಿಗೆ ಹೋಗಬೇಕೆಂದು ನೀನು ಆಸೆಪಟ್ಟಿದ್ದೆ. ಅದನ್ನು ನಿನ್ನಿಂದ ಕಿತ್ತುಕೊಂಡೆನಲ್ಲ ಎಂಬ ಸಂಕಟ ನನಗೆ ಹೋಗುವುದಿಲ್ಲ. ಪಾದ್ರಿಗಳು ಬಂದಾಗ ಮಗು ಹೋಗಿಯಾಗಿತ್ತು. ನಾನು ಮಾಡಿದ್ದು ಸಾಲದೇನೋ, ನೀವೊಮ್ಮೆ ಸರಿಯಾಗಿ ಮಾಡಿ ಎಂದು ಅವರ ಕೈ ಹಿಡಿದು ಅತ್ತೆ. "ಅದು ಒಂದೇ ಸಲ ಕೊಡುವಂಥದ್ದು ಅಮ್ಮಾ. ನೀವು ಕೊಟ್ಟಾಗಿದೆ" ಎಂದರು. ನಾರಾವಿಯ ಇಗರ್ಜಿಯ ಸ್ಮಶಾನದಲ್ಲಿ, ನಿನ್ನ ಅಪ್ಪನ ಮಗ್ಗುಲಲ್ಲೇ ಮಲಗಿಸಿ ಬಂದಿದ್ದೇವೆ. ಹೆಸರಿಲ್ಲದೆ ಹೋಗಲಿಲ್ಲ ನಿನ್ನ ಮಗಳು.

ನಮ್ಮ ದೈವಗಳೂ ನಿನ್ನ ಯೇಸುಸ್ವಾಮಿಯೂ ಒಟ್ಟಾಗಿ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ನೀಲಾವತಿ

ಮತ್ತೆ: ವಿಷಯ ತಿಳಿದ ಮೇಲೆ ದೀಕ್ಷಿತಾ ನನ್ನಲ್ಲಿ ಕೇಳಿದ್ದು ಒಂದೇ ಮಾತು, "ಅಮ್ಮಾ, ನೀರು ಬೆಚ್ಚಗೆ ಇತ್ತಾ?" ಹೌದು ಎಂದೆ. ಬಿಸಿನೀರು ತರಿಸುವಷ್ಟು ಹೊತ್ತು ಇರಲಿಲ್ಲ, ರೋಹಿತ್. ತಣ್ಣಗಿತ್ತು. ಮಗು ನಡುಗಿ ಕೈ ಎತ್ತಿತು. ಅವಳು ನಿನ್ನಲ್ಲೂ ಕೇಳುತ್ತಾಳೆ. ಬೆಚ್ಚಗಿತ್ತೆಂದೇ ಅತ್ತೆ ಬರೆದಿದ್ದಾರೆ ಎನ್ನು. ಓದಿದ ಮೇಲೆ ಈ ಕಾಗದ ಹರಿದುಬಿಡು.